ಆ ಹಾಡಿನ ಮಾತು ಬೇಸ್ ವಾದಕನದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಹಾರ್ಡ್ ರಾಕ್ ತಂಡ ಬ್ಲ್ಯಾಕ್ ಸಬತ್ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಕನ್ನಡ ಪತ್ರಿಕೆಯೊಂದು ಹಾರ್ಡ್ ರಾಕ್‌ಗೆ ಅರ್ಧ ಪುಟ ಕೊಟ್ಟಿದ್ದು ನೋಡಿ ತುಂಬಾ ಖುಷಿಯಾಯಿತು. ಬರೆದವರಿಗೆ ಆ ಸಂಗೀತದ ಮೇಲೆ ಪ್ರೀತಿ ಇದೆ, ಅದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ. ಆದರೆ ಎರಡು ಕಡೆ ನೋವಾಯಿತು. ಆ ತಂಡದ ‘ವಾರ್ ಪಿಗ್ಸ್’ ಹಾಡನ್ನು ‘ಓಜಿ ಓಸ್ಬೋರ್ನ್ ಬರೆದು ಹಾಡಿದ್ದು’ ಎಂದು ಹಾಕಿದ್ದೀರಿ. ಅದು ಒಂದು. ಇನ್ನೊಂದು ಫೋಟೊ. ಅದರಲ್ಲಿ ಹಾಡುಗಾರರಿದ್ದಾರೆ, ಗಿಟಾರ್‌ನವರಿದ್ದಾರೆ, ಹಿಂದೆ ಡ್ರಮ್ಸ್‌ನವರು ಕಾಣುತ್ತಾರೆ. ಬಲಗಡೆ ಅಂಚಿನಲ್ಲಿ ಉದ್ದನೆಯ ಗಿಟಾರೊಂದರ ತುದಿ, ನಾಲ್ಕು ಬಿರಡೆ, ಅದರ ಪಕ್ಕ ಎಡಗೈಯ ಎರಡು ಬೆರಳು. ಅಲ್ಲಿಗೆ ಕತ್ತರಿಸಿದ್ದೀರಿ. ಆ ಹಾಡಿನ ಮಾತು ಬರೆದವರು ಆ ಎರಡು ಬೆರಳಿನವರು. ಹೆಸರು ಗೀಜರ್ ಬಟ್ಲರ್, ತಂಡದಲ್ಲಿ ಬೇಸ್, ಅಂದರೆ ಮಂದ್ರ ಸ್ವರದ ನಾಲ್ಕು ತಂತಿಯ ಗಿಟಾರು, ನುಡಿಸುತ್ತಿದ್ದವರು.

ಇದನ್ನು ನಾನು ಗಮನಿಸಿದ್ದಲ್ಲ, ನನ್ನ ತಮ್ಮನ ಮಗಳು ತೋರಿಸಿದ್ದು. ಅವಳಿಗೆ 15 ವರ್ಷ. ಆರು ತಿಂಗಳಿಂದ ನನ್ನ ಹಳೇ ಬೇಸ್ ಗಿಟಾರಿನಲ್ಲಿ ಕಲಿಯುತ್ತಿದ್ದಾಳೆ. ಪುರವಣಿಯನ್ನು ಮೇಜಿನ ಮೇಲೆ ಹರಡಿಕೊಂಡು, ಅಂಚಿನ ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, “ದೊಡ್ಡಪ್ಪ, ಇವರು ಯಾರು?” ಅಂತ ಕೇಳಿದಳು. ಫೋಟೊ ಕೆಳಗೆ ಮೂರು ಹೆಸರಿತ್ತು. ನಾಲ್ಕನೆಯದು ಇರಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾನು ಹಗಲು ಲೆಕ್ಕಪತ್ರದ ಕೆಲಸ ಮಾಡುವವನು. ಸಂಜೆ ಹೊತ್ತು 19 ವರ್ಷ ಬೇಸ್ ನುಡಿಸಿದ್ದೇನೆ. ನಮ್ಮದು ನಾಲ್ಕೇ ಜನರ ಬ್ಯಾಂಡು, ಒಂದೇ ಗಿಟಾರು. ನನಗೆ ಕಲಿಸುವವರು ಯಾರೂ ಇರಲಿಲ್ಲ. ಕ್ಯಾಸೆಟ್ ಇತ್ತು, ಆದರೆ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಾಡುಗಾರನ ದನಿ, ಗಿಟಾರು, ಡ್ರಮ್ಸಿನ ತಾಳದ ತಟ್ಟೆ ಎಲ್ಲವೂ ಮೇಲೆ ಬಿದ್ದು ಬೇಸ್ ಕೆಳಗೆ ಹೂತು ಹೋಗುತ್ತಿತ್ತು. ಒಂದು ದಿನ ಮನೆಯವರಿಗೆ ಗಲಾಟೆಯಾಗುತ್ತದೆ ಅಂತ ಟೇಪ್ ರೆಕಾರ್ಡರನ್ನು ಮರದ ಬೀರುವಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಬಾಗಿಲು ಹಾಕಿದೆ. ಸುಮ್ನೆ ಬಾಗಿಲಿಗೆ ಒರಗಿ ಕೂತೆ. ಹಾಡುಗಾರ ಮಾಯ. ಗಿಟಾರು ಅರ್ಧ ಮಾಯ. ಮರದ ಹಲಗೆಯಿಂದ ನನ್ನ ಬೆನ್ನಿಗೆ ಬರುತ್ತಿದ್ದದ್ದು ಬೇಸ್ ಮಾತ್ರ. ತಿರುಗಿ ಕಿವಿ ಇಟ್ಟೆ. ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳಿಸಿತು. ಅವತ್ತಿಂದ ಎರಡು ವರ್ಷ ನನ್ನ ಪಾಠವೆಲ್ಲ ಆ ಬೀರುವಿನ ಬಾಗಿಲಲ್ಲೇ ನಡೆಯಿತು. ಕಿವಿ ಬಾಗಿಲಿಗೆ, ಬೇಸ್ ತೊಡೆ ಮೇಲೆ. ತೆಳು ಸ್ವರಗಳನ್ನು ಬಟ್ಟೆ ಮತ್ತು ಮರ ನುಂಗಿಬಿಡುತ್ತವೆ, ಮಂದ್ರದ ಸ್ವರಗಳು ದಾಟಿ ಬರುತ್ತವೆ. ಪಕ್ಕದ ಮನೆಯಲ್ಲಿ ಹಾಡು ಹಾಕಿದಾಗ ಗೋಡೆ ದಾಟಿ ನಮಗೆ ಬರುವುದೂ ಅದೇ ಅಲ್ವಾ?

ಅಲ್ಲಿ ನಾನು ಕೇಳಿದ ಮೊದಲ ಬೇಸ್ ಬಟ್ಲರ್ ಅವರದು. ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ಮಿನಲ್ಲಿ ‘ಎನ್.ಐ.ಬಿ.’ ಎಂಬ ಹಾಡಿದೆ. ಅದು ಶುರುವಾಗುವ ಮೊದಲು ಬೇಸ್ ಒಂದೇ ನುಡಿಯುತ್ತದೆ. ಉಳಿದ ಮೂವರೂ ಸುಮ್ಮನಿರುತ್ತಾರೆ. ಆಗ ಬಟ್ಲರ್ ಅವರಿಗೆ 20 ವರ್ಷ. ಇಡೀ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೊದಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಿಸಿದ್ದು. 1970ರ ಫೆಬ್ರವರಿ 13ರಂದು ಅದು ಹೊರಬಂತು.

ಬಟ್ಲರ್ ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ಬಂದವರು. ಮನೆಯವರು ಇಟ್ಟ ಹೆಸರು ಟೆರೆನ್ಸ್. ‘ಗೀಜರ್’ ಅಂದರೆ ಅಲ್ಲಿನ ಆಡುಮಾತಿನಲ್ಲಿ ‘ಆಸಾಮಿ’ ಅಂದ ಹಾಗೆ. ಚಿಕ್ಕವರಿದ್ದಾಗ ಎಲ್ಲರನ್ನೂ ಹಾಗೇ ಕರೆಯುತ್ತಿದ್ದರಂತೆ, ಅದೇ ಅವರಿಗೆ ಅಂಟಿಕೊಂಡಿತು. ಬ್ಯಾಂಡು ಸೇರುವ ಹೊತ್ತಿಗೆ ಅವರು ಅಕೌಂಟೆಂಟ್ ಕೆಲಸದ ತರಬೇತಿಯಲ್ಲಿದ್ದರು. ಮೊದಲ ದಿನಗಳಲ್ಲಿ ತಂಡದ ದುಡ್ಡಿನ ಲೆಕ್ಕ ನೋಡುತ್ತಿದ್ದವರೂ ಅವರೇ. ಇದನ್ನು ಓದಿದ ದಿನ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಹಗಲೆಲ್ಲ ಜಮಾ ಖರ್ಚು ಬರೆದು ರಾತ್ರಿ ನಾಲ್ಕು ತಂತಿ ಹಿಡಿಯುವ ಇನ್ನೊಬ್ಬರು ಇದ್ದರು ಎಂಬುದೇ ನನಗೆ ಸಾಕಾಗಿತ್ತು.

ಅವರು ಮೊದಲು ಬೇಸ್ ವಾದಕರಾಗಿರಲಿಲ್ಲ, ರಿದಂ ಗಿಟಾರ್, ಅಂದರೆ ಹಾಡಿಗೆ ಲಯ ಹಿಡಿಯುವ ಗಿಟಾರ್, ನುಡಿಸುತ್ತಿದ್ದರು. 1968ರಲ್ಲಿ ಗಿಟಾರಿನ ಟೋನಿ ಅಯೋಮಿ, ಡ್ರಮ್ಸಿನ ಬಿಲ್ ವಾರ್ಡ್, ಹಾಡುಗಾರ ಓಜಿ ಜೊತೆ ಸೇರಿದಾಗ ಅಯೋಮಿಗೆ ಇನ್ನೊಂದು ಗಿಟಾರ್ ಬೇಕಿರಲಿಲ್ಲ. ಹಾಗಾಗಿ ಬಟ್ಲರ್ ಬೇಸ್ ಎತ್ತಿಕೊಂಡರು. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ನುಡಿಸುವುದನ್ನು ನೋಡಿ, ಬೇಸ್‌ನಲ್ಲೂ ತಂತಿಯನ್ನು ಎಳೆದು ಸ್ವರವನ್ನು ಬಗ್ಗಿಸಬಹುದು, ಅದೂ ಮಾತಾಡಬಹುದು ಎಂದು ಕಂಡುಕೊಂಡರು.

ಇನ್ನು ಅಯೋಮಿಯ ಬೆರಳಿನ ಕಥೆ ನಿಮ್ಮ ಲೇಖನದಲ್ಲಿ ಚೆನ್ನಾಗಿಯೇ ಬಂದಿದೆ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಗೈಯವರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು. ಆಮೇಲೆ ಶ್ರುತಿಯನ್ನೇ ಇಳಿಸಿದರು. ಇಷ್ಟು ಬರೆದ ಮೇಲೆ ಲೇಖನ ನಿಂತುಬಿಟ್ಟಿದೆ. ಗಿಟಾರು ಶ್ರುತಿ ಇಳಿಸಿದರೆ ಬೇಸ್ ಏನು ಮಾಡಬೇಕು? ಅದೂ ಇಳಿಯಬೇಕು. 1971ರ ಮೂರನೇ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಗಿಟಾರು ಒಂದೂವರೆ ಸ್ವರದಷ್ಟು ಕೆಳಗೆ ಹೋಯಿತು, ಬಟ್ಲರ್ ಕೂಡ ಹೋದರು. ಬೇಸ್‌ನ ಅತಿ ದಪ್ಪ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಇಷ್ಟು ಇಳಿಸಿದರೆ 35ಕ್ಕೂ ಸ್ವಲ್ಪ ಕಡಿಮೆ. ನಾನು ಹಾಗೆ ಇಳಿಸಿ ನೋಡಿದ್ದೇನೆ. ತಂತಿ ಸಡಿಲವಾಗಿ ಜೋತು ಬೀಳುತ್ತದೆ. ಜೋರಾಗಿ ಮೀಟಿದರೆ ಗಿಟಾರಿನ ಕತ್ತಿನ ಲೋಹದ ಮೆಟ್ಟಿಲಿಗೆ (ಫ್ರೆಟ್) ಬಡಿದು ಕಟಕಟ ಅನ್ನುತ್ತದೆ. ಮೆಲ್ಲಗೆ ಮೀಟಿದರೆ ಮೂವರ ಅಬ್ಬರದಲ್ಲಿ ಕೇಳುವುದಿಲ್ಲ. ಎಷ್ಟು ಒತ್ತಡ ಹಾಕಬೇಕು ಎಂಬುದು ಬಲಗೈಯ ಎರಡು ಬೆರಳಿಗೆ ಗೊತ್ತಿರಬೇಕು. ಆ ಅಂದಾಜು ಬರಲು ನನಗೆ ಮೂರು ತಿಂಗಳು ಬೇಕಾಯಿತು. ತೋರುಬೆರಳಿನ ತುದಿಯಲ್ಲಿ ಗುಳ್ಳೆ ಎದ್ದು, ಒಡೆದು, ಚರ್ಮ ಗಟ್ಟಿಯಾಗಿ, ಕೊನೆಗೆ ಬಿಸಿ ಲೋಟ ಹಿಡಿದರೂ ಆ ಬೆರಳಿಗೆ ಬಿಸಿ ತಟ್ಟುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಒಂದೇ ಗಿಟಾರ್ ಇರುವ ಬ್ಯಾಂಡಿನಲ್ಲಿ ಗಿಟಾರ್‌ನವರು ಸೋಲೋಗೆ, ಅಂದರೆ ತಾವೊಬ್ಬರೇ ಮುಂದೆ ಬಂದು ನುಡಿಸುವ ಭಾಗಕ್ಕೆ, ಹೋದಾಗ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಅಲ್ಲಿಯವರೆಗೆ ಅವರು ದಪ್ಪ ತಂತಿಗಳಲ್ಲಿ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರಗಳ ಸಾಲು, ನುಡಿಸುತ್ತಿರುತ್ತಾರೆ, ಅದೇ ಹಾಡಿನ ಗೋಡೆ. ಸೋಲೋ ಶುರುವಾದ ಕ್ಷಣ ಅವರು ಮೇಲಿನ ತೆಳು ತಂತಿಗೆ ಹೋಗಿಬಿಡುತ್ತಾರೆ. ಗೋಡೆ ಇಲ್ಲ. ಕೇಳುವವರ ಗಮನ ಗಿಟಾರಿನ ಮೇಲೆ, ಬೆಳಕೂ ಅವರ ಮೇಲೆ. ಆ ಖಾಲಿ ಜಾಗ ತುಂಬುವ ಕೆಲಸ ಬೇಸ್‌ನದು. ಸುಮ್ನೆ ಒಂದೇ ಸ್ವರ ಹಿಡಿದು ನಿಂತರೆ ಹಾಡು ಬಡವಾಗುತ್ತದೆ. ಜಾಸ್ತಿ ಓಡಾಡಿದರೆ ಸೋಲೋಗೆ ಅಡ್ಡ ಬರುತ್ತದೆ. ಬಟ್ಲರ್ ಇದನ್ನು ಹೇಗೆ ಮಾಡುತ್ತಾರೆ ಎಂದು ತಿಳಿಯಬೇಕಾದರೆ ‘ವಾರ್ ಪಿಗ್ಸ್’ ಹಾಡಿನ ಗಿಟಾರ್ ಸೋಲೋ ಬರುವ ಜಾಗವನ್ನೇ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಬೇಡ. ಅಷ್ಟು ಚಿಕ್ಕ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಒಳ್ಳೇ ಹೆಡ್‌ಫೋನ್ ಹಾಕಿ ಕೇಳಿ. ಮೇಲೆ ಗಿಟಾರು ಹಾರುತ್ತಿರುವಾಗ ಕೆಳಗೆ ಇನ್ನೊಂದು ಹಾಡೇ ನಡೆಯುತ್ತಿದೆ ಅನ್ನಿಸುತ್ತದೆ. ಬಿಲ್ ವಾರ್ಡ್ ಎಲ್ಲಿ ಬಡಿದರೋ ಅಲ್ಲಿ ಕಾಲಿಟ್ಟು, ಎರಡು ಬಡಿತದ ನಡುವೆ ಸ್ವರ ತುಂಬಿ, ಗಿಟಾರ್ ಉಸಿರು ತೆಗೆದುಕೊಂಡ ಜಾಗದಲ್ಲಿ ತಾವು ಒಂದು ಮಾತು ಹೇಳಿ ಮತ್ತೆ ಕೆಳಗಿಳಿಯುತ್ತಾರೆ.

ನಮ್ಮ ಬ್ಯಾಂಡಿನಲ್ಲಿ ಒಮ್ಮೆ ಹೀಗಾಯಿತು. ಸೋಲೋ ಮಧ್ಯದಲ್ಲಿ ನನ್ನ ವೈರು ಸದ್ದು ಹೆಚ್ಚಿಸುವ ಪೆಟ್ಟಿಗೆಯಾದ ಆಂಪ್‌ನಿಂದ ಕಿತ್ತು ಬಂತು. ಬಗ್ಗಿ ಸಿಕ್ಕಿಸಿಕೊಳ್ಳಲು ಹತ್ತು ಸೆಕೆಂಡು ಹಿಡಿದಿರಬೇಕು. ಕುಣಿಯುತ್ತಿದ್ದವರು ನಿಂತರು. ಯಾರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ಗಿಟಾರ್‌ನವನ ಕಡೆಗೇ ನೋಡಿದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು ಅವನಿಗೇ ಹೇಳಿದರು, “ಮಧ್ಯದಲ್ಲಿ ನಿಮ್ಮ ಗಿಟಾರ್ ಯಾಕೋ ಸಣ್ಣಗಾಯ್ತಲ್ಲ?” ಅವನು ನನ್ನ ಹೆಗಲ ಮೇಲೆ ಕೈ ಹಾಕಿ, “ಅದು ನನ್ನದಲ್ಲ, ಇವನದು” ಅಂದ. 19 ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದು.

ಪದಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖಕರು ತಪ್ಪಿದ್ದು ಯಾಕೆ ಎಂದು ನನಗೆ ಅರ್ಥವಾಗುತ್ತದೆ. ಆ ಕಾಲದ ರೆಕಾರ್ಡುಗಳ ಮೇಲೆ ಹಾಡು ಕಟ್ಟಿದವರು ಎಂದು ನಾಲ್ವರ ಹೆಸರೂ ಇರುತ್ತದೆ, ಯಾರು ಏನು ಮಾಡಿದರು ಎಂದು ಇರುವುದಿಲ್ಲ. ಅವರ ಕ್ರಮ ಹೀಗಿತ್ತು: ಅಯೋಮಿ ರಿಫ್ ತರುತ್ತಿದ್ದರು, ಓಜಿ ಅದರ ಮೇಲೆ ಧಾಟಿ ಹಾಡುತ್ತಿದ್ದರು, ಬಟ್ಲರ್ ಕೂತು ಪದ ಬರೆಯುತ್ತಿದ್ದರು. 1970ರ ದಶಕದ ಹಾಡುಗಳಲ್ಲಿ ಬಹುಪಾಲು ಹೀಗೇ ಆದದ್ದು. ‘ವಾರ್ ಪಿಗ್ಸ್’ ಬರೆದಾಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಸಾಯಲು ಬಡವರ ಮಕ್ಕಳನ್ನು ಕಳಿಸಿ ತಾವು ಕುರ್ಚಿಯಲ್ಲಿ ಕೂತಿರುವವರ ಮೇಲಿನ ಸಿಟ್ಟು ಅದು. ಅದೇ ಆಲ್ಬಮ್ಮಿನ ‘ಪ್ಯಾರನಾಯ್ಡ್’ ಹಾಡಿನ ಮಾತುಗಳೂ ಅವರವೇ. ತಮಗಿದ್ದ ಖಿನ್ನತೆಯಿಂದ ಆ ಸಾಲುಗಳು ಬಂದವು ಎಂದು ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಈ ಹಾಡನ್ನು ಕೇಳಿ ‘ಇದು ನನ್ನದೇ ಮಾತು’ ಅಂದುಕೊಂಡ ಹುಡುಗರು ಲಕ್ಷಗಟ್ಟಲೆ ಇದ್ದಾರೆ. ನಾನೂ ಒಬ್ಬ. ಆ ವಯಸ್ಸಿನಲ್ಲಿ ಮನಸ್ಸು ಯಾಕೆ ಕತ್ತಲಾಗಿದೆ ಎಂದು ನನಗೆ ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಬೇಸ್ ನುಡಿಸುವ, ಹೆಚ್ಚು ಮಾತಾಡದ ಒಬ್ಬ ಮನುಷ್ಯ ನನ್ನ ಪರವಾಗಿ ಅದನ್ನು ಬರೆದಿದ್ದರು. ಅದನ್ನು ಹಾಡಿದ್ದು ಓಜಿ, ಹಾಡಿದ ರೀತಿಗೆ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಬರೆದವರಿಗೆ ಸಲ್ಲಬೇಕಾದ್ದು ಬರೆದವರಿಗೂ ಸಲ್ಲಲಿ.

ಮುಂದಿನ ವರ್ಷಗಳು ಏರುಪೇರಿನವು. 1979ರಲ್ಲಿ ಓಜಿಯನ್ನು ತೆಗೆದರು, ಹಾಡಲು ರಾನಿ ಜೇಮ್ಸ್ ಡಿಯೊ ಬಂದರು. ಡಿಯೊ ತಮ್ಮ ಪದ ತಾವೇ ಬರೆಯುವವರು. ಬಟ್ಲರ್ ಬೇಸ್‌ಗಷ್ಟೇ ಗಮನ ಕೊಟ್ಟರು. 1984ರಲ್ಲಿ ತಂಡ ಬಿಟ್ಟರು. ಆಮೇಲೆ ಬಂದರು, ಹೋದರು, ನಡುವೆ ಓಜಿಯ ಸ್ವಂತ ತಂಡಕ್ಕೂ ನುಡಿಸಿದರು, 1995ರಲ್ಲಿ ತಮ್ಮದೇ ಬ್ಯಾಂಡಿನ ಆಲ್ಬಮ್ ತಂದರು. 2006ರಲ್ಲಿ ನಾಲ್ವರೂ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. 2013ರಲ್ಲಿ ಬಂದ ಆಲ್ಬಮ್ ಬ್ರಿಟನ್, ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಅದರ ಪದಗಳಲ್ಲೂ ಹೆಚ್ಚಿನವು ಬಟ್ಲರ್ ಅವರವೇ.

ಇದು ಅವರೊಬ್ಬರ ಕಥೆಯಲ್ಲ. ಅಮೆರಿಕದ ಮೆಟಾಲಿಕಾ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬಸ್ ಉರುಳಿ ತೀರಿಕೊಂಡರು. 24 ವರ್ಷ. ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. 1988ರಲ್ಲಿ ಬಂದ ಆಲ್ಬಮ್ಮು ಅವರು ಆ ತಂಡದ ಜೊತೆ ಮಾಡಿದ ಮೊದಲ ಪೂರ್ಣ ಆಲ್ಬಮ್. ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲರ ಸದ್ದು ಹದವಾಗಿ ಬೆರೆಸುವಾಗ, ಅವರ ಬೇಸ್ ಅನ್ನು ಎಷ್ಟು ತಗ್ಗಿಸಿದರು ಅಂದರೆ ಇವತ್ತಿಗೂ ಅದನ್ನು ಹುಡುಕಿ ಕೇಳಬೇಕು. ನಾನು ಆ ಕ್ಯಾಸೆಟ್ಟನ್ನೂ ಬೀರುವಿನೊಳಗೆ ಇಟ್ಟೆ. ಬಾಗಿಲಿಗೆ ಕಿವಿ ಇಟ್ಟರೂ ಸರಿಯಾಗಿ ಸಿಗಲಿಲ್ಲ. ಸತ್ತವರೊಬ್ಬರ ಜಾಗಕ್ಕೆ ಬಂದು, ಮೈಮುರಿದು ನುಡಿಸಿ, ಕೊನೆಗೆ ತನ್ನ ಆಲ್ಬಮ್ಮಿನಲ್ಲಿ ತನ್ನ ದನಿಯೇ ಇಲ್ಲ ಎಂದರೆ ಆ ಮನುಷ್ಯನಿಗೆ ಹೇಗಾಗಿರಬೇಡ! ನಿಮ್ಮ ಫೋಟೊದ ಅಂಚು ನೋಡಿದಾಗ ನನಗೆ ತಕ್ಷಣ ನೆನಪಾದದ್ದು ನ್ಯೂಸ್ಟೆಡ್.

ಮುಂದೆ ಬಂದು ನಿಂತ ಬೇಸ್ ವಾದಕರೂ ಇದ್ದಾರೆ, ಅವರ ಬಗ್ಗೆಯೂ ಬರೆಯಿಸಿ. ಮೋಟರ್‌ಹೆಡ್ ತಂಡದ ಲೆಮ್ಮಿ ಬೇಸ್‌ನಲ್ಲಿ ಗಿಟಾರಿನ ಹಾಗೆ ಹಲವು ಸ್ವರ ಒಟ್ಟಿಗೆ (ಕಾರ್ಡ್) ಬಾರಿಸುತ್ತಲೇ ಹಾಡಿದರು. ಐರನ್ ಮೇಡನ್ ತಂಡ ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್ ವಾದಕರು. ಅಮೆರಿಕದ ಡೆಟ್ರಾಯಿಟ್‌ನ ಸೂಜಿ ಕ್ವಾಟ್ರೊ ಬೇಸ್ ಹಾಕಿಕೊಂಡು ಹಾಡುತ್ತಲೇ 1973ರಲ್ಲಿ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದರು. ಅವರ ಫೋಟೊ ತೋರಿಸಿದಾಗ ನಮ್ಮ ಹುಡುಗಿ ಬೇಸ್‌ನ ಪಟ್ಟಿಯನ್ನು ಎರಡು ರಂಧ್ರ ಮೇಲೆ ಬಿಗಿದುಕೊಂಡು ಕನ್ನಡಿ ಮುಂದೆ ನಿಂತಳು.

ಕಲಿಯುವ ಮಕ್ಕಳ ತಂದೆ ತಾಯಂದಿರು ಈ ಪುಟ ಓದುತ್ತಾರೆ, ಅವರಿಗೆ ಒಂದು ಮಾತು. ಬೇಸ್‌ನವರು ವೇದಿಕೆಯಲ್ಲಿ ಸಾಮಾನ್ಯವಾಗಿ ಡ್ರಮ್ಸ್‌ಗೆ ಅಂಟಿಕೊಂಡೇ ನಿಲ್ಲುತ್ತಾರೆ, ಯಾಕಂದರೆ ಡ್ರಮ್ಮರ್‌ನ ಕಾಲು ಕಾಣಬೇಕು. ತಾಳದ ತಟ್ಟೆಯ ಏಟು ನೇರ ಕಿವಿಗೆ. ನನ್ನ ಎಡಗಿವಿಯಲ್ಲಿ ಈಗ ಹನ್ನೊಂದು ವರ್ಷದಿಂದ ಒಂದು ಸಣ್ಣ ಶಿಳ್ಳೆ ನಿಂತೇ ಇಲ್ಲ. ರಾತ್ರಿ ಮಲಗಿದಾಗ ಜಾಸ್ತಿ. 100 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಎಂದು ಕಿವಿಯ ಸುರಕ್ಷತೆಯ ಲೆಕ್ಕ ಹೇಳುತ್ತದೆ. ನಾವು ಎರಡೆರಡು ಗಂಟೆ ನುಡಿಸಿದೆವು. ಕಿವಿಗೆ ಹಾಕುವ ಪ್ಲಗ್ ಇಲ್ಲದೆ ನನ್ನ ತಮ್ಮನ ಮಗಳು ಆಂಪ್ ಹಚ್ಚುವ ಹಾಗಿಲ್ಲ. ಮೊದಲು ಪ್ಲಗ್, ಆಮೇಲೆ ಸ್ವಿಚ್ಚು.

ನಿಮ್ಮ ಲೇಖನದ ಕೊನೆಗೆ 2025ರ ಜುಲೈ 5ರ ಬ್ಲ್ಯಾಕ್ ಸಬತ್ ಕಾರ್ಯಕ್ರಮದ ಮಾತು ಬರುತ್ತದೆ. ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನ, ಆಸ್ಟನ್‌ನಲ್ಲೇ ಇರುವುದು. ಬಟ್ಲರ್ ಬೆಳೆದ ಬಡಾವಣೆ, ಅವರು ಚಿಕ್ಕಂದಿನಿಂದ ಅಭಿಮಾನಿಸಿದ ಫುಟ್‌ಬಾಲ್ ತಂಡದ ಮೈದಾನ. ಓಜಿಗೆ ನಿಲ್ಲಲು ಆಗುತ್ತಿರಲಿಲ್ಲ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದರು. ಮೂಲ ನಾಲ್ವರು ಇಪ್ಪತ್ತು ವರ್ಷದ ಮೇಲೆ ಒಂದೇ ವೇದಿಕೆಯಲ್ಲಿದ್ದರು. ನಾಲ್ಕು ಹಾಡು ನುಡಿಸಿದರು, ಅದರಲ್ಲಿ ಎರಡನೆಯದು ‘ಎನ್.ಐ.ಬಿ.’ ಹದಿನೇಳು ದಿನ ಕಳೆದು, ಜುಲೈ 22ರಂದು ಓಜಿ ಹೋದರು. ಆ ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಬರ್ಮಿಂಗ್‌ಹ್ಯಾಮ್ ನಗರ ತನ್ನ ದೊಡ್ಡ ಗೌರವವನ್ನು ಕೊಟ್ಟಿತು. ಕೊಟ್ಟದ್ದು ಮೂವರಿಗಲ್ಲ, ನಾಲ್ವರಿಗೂ.

ನಾನು ಕೇಳುವುದು ಇಷ್ಟೇ. ನೀವು ದಿನಾ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕುತ್ತೀರಿ. ಅಲ್ಲಿ ‘ವಾರ್ ಪಿಗ್ಸ್’ ಹಾಡಿನ ಪದಗಳು ಗೀಜರ್ ಬಟ್ಲರ್ ಅವರವು ಎಂದು ಒಂದು ಸಾಲು ಹಾಕಿ. ಫೋಟೊದ ಪೂರ್ತಿ ಪ್ರತಿ ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಜಾಗವಿದ್ದರೆ ಅದನ್ನೂ ಕತ್ತರಿಸದೆ ಹಾಕಿ, ಕೆಳಗೆ ನಾಲ್ಕು ಹೆಸರು ಕೊಡಿ. ಹಳೆಯದನ್ನು ನಮ್ಮ ಹುಡುಗಿ ತನ್ನ ಅಭ್ಯಾಸದ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾಳೆ. ಅಂಚಿನ ಪಕ್ಕ ಪೆನ್ಸಿಲ್‌ನಲ್ಲಿ ಉಳಿದ ಬೇಸ್ ಗಿಟಾರನ್ನು ಬರೆದು ಮುಗಿಸಿದ್ದಾಳೆ. ಮುಖದ ಜಾಗ ಖಾಲಿ ಬಿಟ್ಟಿದ್ದಾಳೆ, ನೀವು ಹಾಕುವ ಫೋಟೊಗೆ.

ವಿಶ್ವಾಸದಿಂದ,
ನಿಮ್ಮ ಓದುಗ, ಒಬ್ಬ ಬೇಸ್ ವಾದಕ